ಮಾಸ್ಕೋದಲ್ಲಿ ಹುಟ್ಟಿದವರ ಕೈಗೆ ಬಂದ ಬೆಳ್ಳಿ ತಟ್ಟೆ: ವಿಂಬಲ್ಡನ್ 2022ರ ನಿಷೇಧ, ಒಂದು ಪ್ರಕರಣ ಅಧ್ಯಯನ

2022ರ ಜುಲೈ 9, ಶನಿವಾರ. ವಿಂಬಲ್ಡನ್ನಿನ ಸೆಂಟರ್ ಕೋರ್ಟಿನಲ್ಲಿ ಮಹಿಳೆಯರ ಸಿಂಗಲ್ಸ್ ಫೈನಲ್. ಟ್ಯುನೀಸಿಯಾದ ಓನ್ಸ್ ಜಬೂರ್ ಮೊದಲ ಸೆಟ್ಟನ್ನು 6-3ರಿಂದ ಗೆದ್ದರು. ಮುಂದಿನ ಎರಡನ್ನೂ ಎಲೆನಾ ರಿಬಾಕಿನಾ 6-2, 6-2ರಿಂದ ಕಿತ್ತುಕೊಂಡರು. ಗೆದ್ದ ಮೇಲೆ ರಿಬಾಕಿನಾ ಕುಣಿಯಲಿಲ್ಲ, ಹುಲ್ಲಿನ ಮೇಲೆ ಉರುಳಲಿಲ್ಲ. ಸಣ್ಣಗೆ ನಕ್ಕು ನೆಟ್ಟಿನತ್ತ ನಡೆದರು. ಬ್ರಿಟನ್ ರಾಜಮನೆತನದ ಡಚೆಸ್ ಕೇಟ್ ಚಾಂಪಿಯನ್ನರಿಗೆ ಸಲ್ಲುವ ಬೆಳ್ಳಿ ತಟ್ಟೆಯನ್ನು ಅವರ ಕೈಗಿತ್ತರು. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು ಕಜಾಕಸ್ತಾನ. ಹುಟ್ಟಿದ್ದು, ಬೆಳೆದದ್ದು, ರ‍್ಯಾಕೆಟ್ ಹಿಡಿಯಲು ಕಲಿತದ್ದು ಮಾಸ್ಕೋದಲ್ಲಿ.

ಉಕ್ರೇನಿನ ಮೇಲಿನ ದಾಳಿಯ ಹಿನ್ನೆಲೆಯಲ್ಲಿ ಆ ವರ್ಷ ವಿಂಬಲ್ಡನ್ ರಷ್ಯಾ ಮತ್ತು ಬೆಲಾರೂಸಿನ ಒಬ್ಬ ಆಟಗಾರರನ್ನೂ ಒಳಗೆ ಬಿಟ್ಟಿರಲಿಲ್ಲ. ಅವರಲ್ಲೊಬ್ಬರು ಗೆದ್ದರೆ ಪುಟಿನ್ ಸರ್ಕಾರ ಆ ಗೆಲುವನ್ನು ತನ್ನ ಪ್ರಚಾರಕ್ಕೆ ಬಳಸಿಕೊಳ್ಳುತ್ತದೆ ಎಂಬುದು ಕೊಟ್ಟ ಕಾರಣ. ರಿಬಾಕಿನಾ ಗೆದ್ದದ್ದೇ ತಡ, ರಷ್ಯಾ ಟೆನಿಸ್ ಫೆಡರೇಷನ್ನಿನ ಅಧ್ಯಕ್ಷ ಶಮೀಲ್ ತಾರ್ಪಿಶ್ಚೆವ್ ಇದು ರಷ್ಯಾದ ಗರಡಿಯಲ್ಲಿ ಪಳಗಿದ ಆಟ ಎಂದು ಎದೆಯುಬ್ಬಿಸಿದರು. ಯಾವ ಮಾತು ಕೇಳಬಾರದೆಂದು ಬಾಗಿಲು ಹಾಕಿದರೋ ಅದೇ ಮಾತು ಕಿಟಕಿಯಿಂದ ತೂರಿ ಬಂತು.

ನಗು ಬರುವಂಥ ತಿರುವು, ನಿಜ. ಆದರೆ ಈ ಒಂದು ತಿರುವನ್ನಷ್ಟೇ ಹಿಡಿದುಕೊಂಡು ನಿಷೇಧವನ್ನು ಗೇಲಿ ಮಾಡಿ ಮುಗಿಸುವುದು ಸುಲಭದ ದಾರಿ. ಒಳಗೆ ಹೊಕ್ಕು ನೋಡಿದರೆ ಪ್ರಕರಣ ಅಷ್ಟು ಸಲೀಸಾಗಿಲ್ಲ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ

ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿದ್ದು 2022ರ ಫೆಬ್ರವರಿ 24ರಂದು. ಅದರ ಒಂದು ಭಾಗ ಹೊರಟಿದ್ದು ಬೆಲಾರೂಸಿನ ನೆಲದಿಂದ. ಮರುದಿನ ದುಬೈನಲ್ಲಿ ಸೆಮಿಫೈನಲ್ ಗೆದ್ದ ರಷ್ಯಾದ ಆಂದ್ರೆ ರುಬ್ಲೆವ್, ಗೆದ್ದವರು ಸಹಿ ಹಾಕುವ ಕ್ಯಾಮೆರಾ ಗಾಜಿನ ಮೇಲೆ ‘ದಯವಿಟ್ಟು ಯುದ್ಧ ಬೇಡ’ ಎಂದು ಬರೆದರು. ಫೆಬ್ರವರಿ 28ರಂದು ಎರಡು ಸಂಗತಿಗಳು ಒಟ್ಟಿಗೇ ನಡೆದವು. ರಷ್ಯಾದ ಡ್ಯಾನಿಲ್ ಮೆಡ್ವೆಡೆವ್ ಪುರುಷರ ವಿಶ್ವ ರ‍್ಯಾಂಕಿಂಗಿನಲ್ಲಿ ಮೊದಲ ಸ್ಥಾನಕ್ಕೇರಿದರು. ಅದೇ ದಿನ, ರಷ್ಯಾ ಮತ್ತು ಬೆಲಾರೂಸಿನ ಕ್ರೀಡಾಪಟುಗಳನ್ನು ಅಂತರರಾಷ್ಟ್ರೀಯ ಕೂಟಗಳಿಗೆ ಕರೆಯಬೇಡಿ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಎಲ್ಲ ಫೆಡರೇಷನ್ನುಗಳಿಗೆ ಶಿಫಾರಸು ಮಾಡಿತು.

ಟೆನಿಸ್ ಮಧ್ಯದ ದಾರಿ ಹಿಡಿಯಿತು. ಮಾರ್ಚ್ 1ರಂದು ಎರಡೂ ದೇಶಗಳ ಫೆಡರೇಷನ್ನುಗಳನ್ನು ಅಮಾನತು ಮಾಡಲಾಯಿತು. ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್ (ಪುರುಷರದು) ಮತ್ತು ಬಿಲ್ಲಿ ಜೀನ್ ಕಿಂಗ್ ಕಪ್‌ನಿಂದ (ಮಹಿಳೆಯರದು) ಅವರ ತಂಡಗಳನ್ನು ಹೊರಗಿಟ್ಟರು. ಹಿಂದಿನ ವರ್ಷ ಆ ಎರಡೂ ಕಪ್‌ಗಳನ್ನು ಗೆದ್ದಿದ್ದದ್ದು ರಷ್ಯಾವೇ. ಒಂಟಿಯಾಗಿ ಆಡುವ ಆಟಗಾರರಿಗೆ ಮಾತ್ರ ಅಡ್ಡಿಯಿರಲಿಲ್ಲ: ಧ್ವಜವಿಲ್ಲ, ದೇಶದ ಹೆಸರಿಲ್ಲ, ಆಡಿಕೊಳ್ಳಿ. ಅಂದೇ ಮೆಕ್ಸಿಕೋದ ಮಾಂಟೆರ‍್ರೆಯಲ್ಲಿ ಉಕ್ರೇನಿನ ಎಲಿನಾ ಸ್ವಿತೋಲಿನಾ ಎದುರು ರಷ್ಯಾದ ಅನಸ್ತಾಸಿಯಾ ಪೊತಪೋವಾ ಆಡಬೇಕಿತ್ತು. ಎದುರಾಳಿಯ ಹೆಸರಿನ ಪಕ್ಕ ರಷ್ಯಾದ ಗುರುತಿದ್ದರೆ ಅಂಕಣಕ್ಕಿಳಿಯುವುದಿಲ್ಲ ಎಂದು ಸ್ವಿತೋಲಿನಾ ಮೊದಲೇ ಹೇಳಿದ್ದರು. ಧ್ವಜ ತೆಗೆದ ಮೇಲೆ ನೀಲಿ-ಹಳದಿ ಉಡುಪು ತೊಟ್ಟು ಆಡಿ 6-2, 6-1ರಿಂದ ಗೆದ್ದರು. ಬಂದ ಬಹುಮಾನದ ಹಣ ಉಕ್ರೇನಿನ ಸೇನೆಗೆ ಎಂದರು.

ಈ ಏರ್ಪಾಡು ಏಳು ವಾರ ನಡೆಯಿತು. ಏಪ್ರಿಲ್ 20ರಂದು ವಿಂಬಲ್ಡನ್ ನಡೆಸುವ ಆಲ್ ಇಂಗ್ಲೆಂಡ್ ಕ್ಲಬ್, ಈ ಸಲ ರಷ್ಯಾ ಮತ್ತು ಬೆಲಾರೂಸಿನವರ ಪ್ರವೇಶ ಸ್ವೀಕರಿಸುವುದಿಲ್ಲ ಎಂದು ಪ್ರಕಟಿಸಿತು. ಕ್ವೀನ್ಸ್, ಈಸ್ಟ್‌ಬರ್ನ್ ಮುಂತಾದ ಹುಲ್ಲಿನಂಕಣದ ಟೂರ್ನಿಗಳನ್ನು ನಡೆಸುವ ಬ್ರಿಟನ್ನಿನ ಟೆನಿಸ್ ಸಂಸ್ಥೆ ಎಲ್‌ಟಿಎ ಕೂಡ ಅದೇ ತೀರ್ಮಾನಕ್ಕೆ ಬಂತು. ಮೆಡ್ವೆಡೆವ್, ರುಬ್ಲೆವ್, ಹಿಂದಿನ ವರ್ಷ ವಿಂಬಲ್ಡನ್ ಸೆಮಿಫೈನಲ್ ಆಡಿದ್ದ ಬೆಲಾರೂಸಿನ ಅರಿನಾ ಸಬಲೆಂಕಾ, ಒಂದು ಕಾಲದ ನಂಬರ್ ಒನ್ ವಿಕ್ಟೋರಿಯಾ ಅಜರೆಂಕಾ, ದಾರ್ಯಾ ಕಸಾಟ್ಕಿನಾ, ಎಲ್ಲರೂ ಹೊರಗೆ. ಎರಡನೇ ಮಹಾಯುದ್ಧದ ನಂತರ ಜರ್ಮನಿ, ಜಪಾನಿನವರನ್ನು ದೂರವಿಟ್ಟ ಮೇಲೆ ವಿಂಬಲ್ಡನ್ ಯಾವ ದೇಶದವರೆಂದು ನೋಡಿ ಆಟಗಾರರನ್ನು ತಡೆದದ್ದು ಇದೇ ಮೊದಲು.

ಕ್ಲಬ್ಬಿನ ತರ್ಕ

ಕ್ಲಬ್ಬಿನ ಅಧ್ಯಕ್ಷ ಇಯಾನ್ ಹ್ಯೂವಿಟ್ ಆಟಗಾರರ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ. ತಮ್ಮ ದೇಶದ ನಾಯಕರು ಮಾಡಿದ್ದಕ್ಕೆ ಇವರು ಬೆಲೆ ತೆರಬೇಕಾಗಿದೆ ಎಂದು ಒಪ್ಪಿಕೊಂಡೇ ಮಾತಾಡಿದರು. ರಷ್ಯಾದ ಜಾಗತಿಕ ಪ್ರಭಾವವನ್ನು ಕುಗ್ಗಿಸಲು ಸರ್ಕಾರ, ಉದ್ಯಮ, ಕಲಾಸಂಸ್ಥೆಗಳೆಲ್ಲ ಕೈಜೋಡಿಸಿರುವಾಗ ನಾವೂ ನಮ್ಮ ಪಾಲು ಮಾಡಬೇಕು ಎಂಬುದು ಅವರ ವಾದ. ಶಿಕ್ಷೆಯ ಮಾತಲ್ಲ, ಪ್ರಚಾರಕ್ಕೆ ತಡೆ ಹಾಕುವ ಮಾತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕ್ಲಬ್ ಕೈಬಿಟ್ಟ ಇನ್ನೊಂದು ದಾರಿ. ಮಾರ್ಚಿನಲ್ಲಿ ಬ್ರಿಟನ್ನಿನ ಕ್ರೀಡಾ ಸಚಿವ ನೈಜಲ್ ಹಡಲ್‌ಸ್ಟನ್ ಸಂಸತ್ತಿನ ಸಮಿತಿಯ ಮುಂದೆ ಒಂದು ಸೂಚನೆ ಇಟ್ಟಿದ್ದರು. ಮೆಡ್ವೆಡೆವ್ ಅಂಥವರು ಆಡಬೇಕಾದರೆ ತಾವು ಪುಟಿನ್ನರ ಬೆಂಬಲಿಗರಲ್ಲ ಎಂಬ ಭರವಸೆ ಕೊಡಬೇಕು ಎಂಬ ಅರ್ಥದ ಮಾತು ಅದು. ಹಾಗೆ ಬರೆಸಿಕೊಂಡು ಒಳಗೆ ಬಿಡಬಹುದಿತ್ತು. ಕ್ಲಬ್ ಬೇಡವೆಂದಿತು. ಅಂಥ ಕಾಗದಕ್ಕೆ ಸಹಿ ಹಾಕಿದರೆ ಆಟಗಾರರಿಗೋ ಅವರ ಮನೆಯವರಿಗೋ ಅಪಾಯವಾದೀತು, ಆ ಹೊಣೆ ಹೊರಲು ನಾವು ತಯಾರಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಈ ಕಾರಣ ಪೊಳ್ಳಲ್ಲ. ಯುದ್ಧವನ್ನು ಯುದ್ಧವೆಂದು ಕರೆದರೆ ಜೈಲಿಗೆ ಹಾಕಬಲ್ಲ ಕಾನೂನನ್ನು ರಷ್ಯಾ ಅದೇ ಮಾರ್ಚಿನಲ್ಲಿ ತಂದಿತ್ತು. ಮೆಡ್ವೆಡೆವ್ ನೆಲೆಸಿದ್ದು ಮೊನಾಕೊದಲ್ಲಿರಬಹುದು, ನೆಂಟರಿಷ್ಟರೆಲ್ಲ ಅಲ್ಲಿಲ್ಲವಲ್ಲ. ಆದರೆ ಒಬ್ಬರನ್ನು ಅಪಾಯದಿಂದ ಕಾಪಾಡಲು ಅವರ ಕೆಲಸವನ್ನೇ ಕಸಿಯುವುದು ಎಂಥ ಕಾಳಜಿ? ಈ ಪ್ರಶ್ನೆಯನ್ನು ನೆನಪಿಡಿ. ಮರುವರ್ಷ ಅದೇ ಕ್ಲಬ್ ಅಂಥದೇ ಇನ್ನೊಂದು ಕಾಗದವನ್ನು ಆಟಗಾರರ ಮುಂದೆ ಇಡಲಿದೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ?

ಈ ಸುದ್ದಿ ಓದಿದಾಗ ಕನ್ನಡಿಗರ ನಾಲಿಗೆ ತುದಿಗೆ ಬರುವ ಗಾದೆ ಇದೇ. ಯುದ್ಧ ಮಾಡಿದವರು ಕ್ರೆಮ್ಲಿನ್ನಿನಲ್ಲಿ, ಬರೆ ಬಿದ್ದದ್ದು ‘ಯುದ್ಧ ಬೇಡ’ ಎಂದು ಬರೆದ ರುಬ್ಲೆವ್‌ಗೆ. ಅವರೇನೋ ಇದನ್ನು ಶುದ್ಧ ತಾರತಮ್ಯ ಎಂದರು. ಬಹುಮಾನದ ಹಣವನ್ನೆಲ್ಲ ಯುದ್ಧದಲ್ಲಿ ನೊಂದವರಿಗೆ ಕೊಡಿಸಿ, ಅದರಿಂದ ಒಂದಿಷ್ಟಾದರೂ ಉಪಯೋಗವಿದೆ ಎಂದರು. ನೊವಾಕ್ ಜೊಕೊವಿಚ್ ಇನ್ನೂ ಖಾರವಾಗಿದ್ದರು. ತಾನು ಯುದ್ಧದ ನಡುವೆ ಬೆಳೆದ ಮಗು, ಯುದ್ಧವನ್ನು ಎಂದೂ ಬೆಂಬಲಿಸೆ, ಆದರೂ ವಿಂಬಲ್ಡನ್ನಿನದು ಹುಚ್ಚು ನಿರ್ಧಾರ ಎಂದರು. 1975ರಲ್ಲಿ ಚೆಕೊಸ್ಲೊವಾಕಿಯಾ ತೊರೆದು ಅಮೆರಿಕ ಸೇರಿದ ಮಾರ್ಟಿನಾ ನವ್ರಾಟಿಲೋವಾ ಕೂಡ ವಿರೋಧಿಸಿದರು. 1978ರಲ್ಲಿ ಮೊದಲ ಸಲ ವಿಂಬಲ್ಡನ್ ಗೆದ್ದಾಗ ಅವರಿಗಿನ್ನೂ ಅಮೆರಿಕದ ಪೌರತ್ವ ಸಿಕ್ಕಿರಲಿಲ್ಲ. ಪಾಸ್‌ಪೋರ್ಟು ಮತ್ತು ಆಟದ ನಂಟು ಎಷ್ಟು ತೊಡಕಿನದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಆದರೆ ಈ ಗಾದೆಯನ್ನು ಸ್ವಿತೋಲಿನಾ ಎದುರು ಹೇಳಿ ನೋಡಿ. ಅಥವಾ ಸೆರ್ಗಿಯ್ ಸ್ತಖೋವ್‌ಸ್ಕಿ ಎದುರು. 2013ರಲ್ಲಿ ಇದೇ ಸೆಂಟರ್ ಕೋರ್ಟಿನಲ್ಲಿ, ಎರಡನೇ ಸುತ್ತಿನಲ್ಲೇ, ಹಾಲಿ ಚಾಂಪಿಯನ್ ರೋಜರ್ ಫೆಡರರ್ ಅವರನ್ನು ಮನೆಗೆ ಕಳಿಸಿದ ಉಕ್ರೇನಿನ ಆಟಗಾರ ಸ್ತಖೋವ್‌ಸ್ಕಿ. ನಿವೃತ್ತರಾದ ಕೆಲವೇ ವಾರಗಳಲ್ಲಿ ಯುದ್ಧ ಬಂತು. ಹೊರದೇಶದಲ್ಲಿದ್ದ ಮನುಷ್ಯ ಹೆಂಡತಿ ಮಕ್ಕಳನ್ನು ಬಿಟ್ಟು ಕೀವ್‌ಗೆ ಹೋಗಿ ಬಂದೂಕು ಹಿಡಿದರು. ಅವರ ಕಣ್ಣಿಗೆ ರ‍್ಯಾಂಕಿಂಗ್ ಅಂಕದ ನಷ್ಟ ಎಷ್ಟು ದೊಡ್ಡದಾಗಿ ಕಂಡೀತು?

ಕುತೂಹಲದ ಸಂಗತಿಯೆಂದರೆ ಉಕ್ರೇನಿನವರು ಕೇಳಿದ್ದೂ ಸಾರಾಸಗಟು ನಿಷೇಧವನ್ನಲ್ಲ. ಅದೇ ಏಪ್ರಿಲ್‌ನಲ್ಲಿ ಸ್ವಿತೋಲಿನಾ, ಮಾರ್ತಾ ಕೋಸ್ತ್ಯುಕ್, ಸ್ತಖೋವ್‌ಸ್ಕಿ ಒಂದೇ ಬಗೆಯ ಹೇಳಿಕೆ ಹೊರಡಿಸಿದ್ದರು. ರಷ್ಯಾ, ಬೆಲಾರೂಸಿನ ಆಟಗಾರರನ್ನು ನೇರವಾಗಿ ಕೇಳಿ: ದಾಳಿಯನ್ನು ಬೆಂಬಲಿಸುತ್ತೀರಾ? ಅಲ್ಲಿ ನಡೆಯುತ್ತಿರುವ ಸೇನಾ ಕಾರ್ಯಾಚರಣೆಯನ್ನು? ಪುಟಿನ್, ಲುಕಶೆಂಕೊ ಆಡಳಿತವನ್ನು? ಹೌದೆಂದವರನ್ನು ಹೊರಗಿಡಿ. ಯುದ್ಧದ ವಿರುದ್ಧ ಬಾಯಿಬಿಟ್ಟವರನ್ನು ಆಡಗೊಡಬೇಕು ಎಂಬ ಅಭಿಪ್ರಾಯವನ್ನು ಸ್ವಿತೋಲಿನಾ ಸಂದರ್ಶನದಲ್ಲೂ ಹೇಳಿದರು. ಅವರನ್ನು ಕೆರಳಿಸುತ್ತಿದ್ದದ್ದು ಪಾಸ್‌ಪೋರ್ಟಲ್ಲ, ಮೌನ. ಲಾಕರ್ ರೂಮಿನಲ್ಲಿ ದಿನಾ ಮುಖ ನೋಡುವವರು ‘ಹೇಗಿದ್ದಾರೆ ನಿಮ್ಮ ಮನೆಯವರು’ ಎಂದು ಕೂಡ ಕೇಳದ ಮೌನ.

ಅಂದರೆ ಕ್ಲಬ್ ಆರಿಸಿಕೊಂಡ ದಾರಿ ಹೊರಬಿದ್ದವರಿಗೂ ಬೇಡವಾಗಿತ್ತು, ಯಾರ ಪರವಾಗಿ ಅದನ್ನು ಮಾಡಿದರೋ ಅವರು ಕೇಳಿದ್ದೂ ಅದನ್ನಲ್ಲ.

ಅಂಕದ ಲೆಕ್ಕ ತಿರುವು ಮುರುವಾದದ್ದು

ವಿಂಬಲ್ಡನ್ ಒಂದು ಖಾಸಗಿ ಕ್ಲಬ್ಬಿನ ಟೂರ್ನಿ. ಯಾರನ್ನು ಸೇರಿಸಬೇಕು, ಬಿಡಬೇಕು ಎಂದು ತೀರ್ಮಾನಿಸುವುದು ಅದರ ಕೈಯಲ್ಲಿದೆ. ಅದರ ಕೈಯಲ್ಲಿ ಇಲ್ಲದ್ದು ರ‍್ಯಾಂಕಿಂಗ್ ಅಂಕ. ಅದು ಪುರುಷರ ಎಟಿಪಿ, ಮಹಿಳೆಯರ ಡಬ್ಲ್ಯುಟಿಎ ಎಂಬ ವೃತ್ತಿಪರ ಸಂಘಟನೆಗಳ ಹತೋಟಿಯಲ್ಲಿದೆ. ಗೆದ್ದವರಿಗೆ 2000 ಅಂಕ. ಈ ಅಂಕ 52 ವಾರ ಖಾತೆಯಲ್ಲಿರುತ್ತದೆ. ಆಮೇಲೆ ಕಳಚಿಬಿದ್ದು ಆ ವರ್ಷದ ಗಳಿಕೆ ಅದರ ಜಾಗಕ್ಕೆ ಬರುತ್ತದೆ.

ಮೇ 20ರಂದು ಎರಡೂ ಸಂಘಟನೆಗಳು 2022ರ ವಿಂಬಲ್ಡನ್‌ಗೆ ಅಂಕವೇ ಇಲ್ಲ ಎಂದವು. ಯಾವ ದೇಶದವರಾದರೂ ಅರ್ಹತೆಯಿಂದ ಪ್ರವೇಶ ಪಡೆಯುವುದು ನಮ್ಮ ಆಟದ ತಳಹದಿ, ಇಂದು ಇದನ್ನು ಬಿಟ್ಟರೆ ನಾಳೆ ಬೇರೆ ಟೂರ್ನಿಗಳೂ ತಮಗೆ ಬೇಕಾದಂತೆ ಮಾಡುತ್ತವೆ ಎಂಬುದು ಅವರ ನಿಲುವು. ಅಂಕವಿಲ್ಲದಿದ್ದರೆ ಇದೊಂದು ಪ್ರದರ್ಶನ ಪಂದ್ಯದಂತೆ ಅನಿಸುತ್ತದೆ ಎಂದರು ನವೋಮಿ ಒಸಾಕಾ.

ಇದರ ಫಲ ನೋಡಿ. ಜೊಕೊವಿಚ್ ಆ ವರ್ಷ ನಿಕ್ ಕಿರ್ಗಿಯೋಸ್ ಅವರನ್ನು ಸೋಲಿಸಿ ಪ್ರಶಸ್ತಿ ಉಳಿಸಿಕೊಂಡರು. ಹಿಂದಿನ ವರ್ಷದ 2000 ಅಂಕ ಕಳಚಿತು, ಹೊಸದು ಬರಲಿಲ್ಲ. ಚಾಂಪಿಯನ್ ಆದ ಮರುದಿನವೇ ಮೂರನೇ ಸ್ಥಾನದಿಂದ ಏಳಕ್ಕೆ ಜಾರಿದರು. ರಿಬಾಕಿನಾ 20 ಲಕ್ಷ ಪೌಂಡ್ ಗೆದ್ದರೂ 23ನೇ ಸ್ಥಾನದಲ್ಲೇ ಉಳಿದರು. ಗಾಯಗೊಂಡು ಆಟದಿಂದ ದೂರವಿದ್ದ ಫೆಡರರ್ ಖಾತೆಯಲ್ಲಿ ಉಳಿದಿದ್ದದ್ದೇ 2021ರ ವಿಂಬಲ್ಡನ್ ಅಂಕ. ಅದೂ ಹೋಗಿ, ಕಾಲು ಶತಮಾನದಲ್ಲಿ ಮೊದಲ ಬಾರಿಗೆ ಅವರ ಹೆಸರು ಪಟ್ಟಿಯಿಂದಲೇ ಅಳಿಸಿತು. ಮತ್ತು ಮೆಡ್ವೆಡೆವ್? ಹಿಂದಿನ ವರ್ಷ ನಾಲ್ಕನೇ ಸುತ್ತಿನಲ್ಲೇ ಸೋತಿದ್ದರಿಂದ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಜೂನ್ ಮಧ್ಯದಲ್ಲಿ ಮತ್ತೆ ನಂಬರ್ ಒನ್ ಆಗಿದ್ದ ಅವರು ವಿಂಬಲ್ಡನ್ ನಡೆದ ಹದಿನಾಲ್ಕು ದಿನವೂ, ಆಮೇಲೂ ಅಲ್ಲೇ ಇದ್ದರು. ಸೆಪ್ಟೆಂಬರಿನಲ್ಲಿ ಅಮೆರಿಕನ್ ಓಪನ್ ಗೆದ್ದು ಹತ್ತೊಂಬತ್ತರ ಕಾರ್ಲೋಸ್ ಅಲ್ಕರಾಜ್ ಕೆಳಗಿಳಿಸುವ ತನಕ ಜಗತ್ತಿನ ಮೊದಲ ಆಟಗಾರ ಒಬ್ಬ ರಷ್ಯನ್ನನೇ.

ಪಾಸ್‌ಪೋರ್ಟಿನ ಕಥೆ ಇನ್ನೂ ವಿಚಿತ್ರ. ರಿಬಾಕಿನಾ 2018ರಲ್ಲೇ ಕಜಾಕಸ್ತಾನ ಸೇರಿದ್ದರು. ತರಬೇತಿಗೆ ಹಣ, ಆಸರೆ ಎರಡೂ ಅಲ್ಲಿ ಸಿಕ್ಕಿದ್ದವು. ಎಲ್ಲಿ ಹುಟ್ಟಬೇಕೆಂದು ನಾನು ಆರಿಸಿಕೊಂಡದ್ದಲ್ಲ, ಆ ದೇಶ ನನ್ನನ್ನು ನಂಬಿತು ಎಂದು ಪತ್ರಕರ್ತರಿಗೆ ಹೇಳಿದರು. ಅದು ನಾಲ್ಕು ವರ್ಷ ಹಿಂದಿನ ಮಾತಾಯಿತು. ಮಾಸ್ಕೋದಲ್ಲೇ ಹುಟ್ಟಿದ ಡಬಲ್ಸ್ ಆಟಗಾರ್ತಿ ನತೇಲಾ ಜಲಮೀಜೆ ನಿಷೇಧದ ನಂತರ, ಟೂರ್ನಿಗೆ ಮೊದಲು, ಜಾರ್ಜಿಯಾ ಪರ ನೋಂದಾಯಿಸಿಕೊಂಡು ವಿಂಬಲ್ಡನ್ ಆಡಿದರು. ಕ್ಲಬ್ ತಡೆಯಲಿಲ್ಲ, ತಡೆಯಲು ನಿಯಮವೂ ಇರಲಿಲ್ಲ. ಮನುಷ್ಯ ಅದೇ, ಊರು ಅದೇ, ಸರ್ವ್ ಅದೇ. ಬದಲಾದದ್ದು ಕಾಗದ. ನಿಷೇಧ ಹಿಡಿದು ನಿಲ್ಲಿಸಿದ್ದು ಆ ಕಾಗದವನ್ನು ಎಂಬುದೇ ಈ ಪ್ರಕರಣದಿಂದ ನಾನು ಎತ್ತಿಕೊಳ್ಳುವ ಮುಖ್ಯ ಮಾತು.

ಹಿಂದೆ ಏನು ಮಾಡಿದ್ದರು

1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಜರ್ಮನಿ, ಆಸ್ಟ್ರಿಯಾ, ಹಂಗೆರಿ, ಬಲ್ಗೇರಿಯಾ, ಟರ್ಕಿಗೆ ಕರೆ ಹೋಗಲಿಲ್ಲ. 1948ರ ಲಂಡನ್ನಿಗೆ ಜರ್ಮನಿ, ಜಪಾನಿಗೆ ಇಲ್ಲ. ಅವೆರಡೂ ಯುದ್ಧ ಮುಗಿದು, ಸೋತವರು ಯಾರೆಂದು ಗೊತ್ತಾದ ಮೇಲಿನ ತೀರ್ಮಾನಗಳು.

ವಿಂಬಲ್ಡನ್ನಿಗೆ ಹತ್ತಿರದ ಹೋಲಿಕೆ 1992ರ ಯುಗೊಸ್ಲಾವಿಯಾ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ ಮೇ 30ರಂದು 757ನೇ ಗೊತ್ತುವಳಿಯ ಮೂಲಕ ಆ ದೇಶವನ್ನು ಪ್ರತಿನಿಧಿಸುವ ಕ್ರೀಡಾಪಟುಗಳಿಗೆ ತಡೆ ಹಾಕಿತು. ಯೂರೋ ಕಪ್ ಫುಟ್ಬಾಲಿನಿಂದ ತಂಡ ಹೊರಬಿತ್ತು. ಆ ಜಾಗಕ್ಕೆ ಕೊನೆ ಗಳಿಗೆಯಲ್ಲಿ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದುಕೊಂಡು ಹೋಯಿತು. ಆದರೆ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಒಂಟಿ ಸ್ಪರ್ಧಿಗಳು ಧ್ವಜವಿಲ್ಲದೆ ಪಾಲ್ಗೊಂಡರು, ಶೂಟಿಂಗಿನಲ್ಲಿ ಮೂರು ಪದಕಗಳನ್ನೂ ಗೆದ್ದರು. ಅದೇ ಬೇಸಿಗೆಯಲ್ಲಿ ಯುಗೊಸ್ಲಾವಿಯಾದ ಮೋನಿಕಾ ಸೆಲೆಸ್ ವಿಂಬಲ್ಡನ್ ಫೈನಲ್ ಆಡಿದರು. ಭದ್ರತಾ ಮಂಡಳಿಯ ಗೊತ್ತುವಳಿ ಇದ್ದಾಗಲೂ ಆಡಲು ಬಿಟ್ಟ ಕ್ಲಬ್, ಗೊತ್ತುವಳಿ ಇಲ್ಲದ 2022ರಲ್ಲಿ ಬಿಡಲಿಲ್ಲ.

ವರ್ಣಭೇದದ ದಕ್ಷಿಣ ಆಫ್ರಿಕಾದ ವಿಷಯದಲ್ಲೂ ತಂಡ ಬೇರೆ, ಆಟಗಾರ ಬೇರೆ ಎಂಬ ಗೆರೆ ಕಾಣುತ್ತದೆ. 1974ರ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡಲಿಲ್ಲ. ಅಮೃತರಾಜ್ ಸಹೋದರರ ಕೈಗೆಟುಕಿದ್ದ ಕಪ್ಪು ಹಾಗೇ ಹೋಯಿತು. ನಾವು ಆಡುವುದಿಲ್ಲ ಎಂದು ತಾವೇ ನಷ್ಟ ಹೊತ್ತುಕೊಂಡ ನಡೆ ಅದು. ಅದೇ ದಶಕದಲ್ಲಿ ದಕ್ಷಿಣ ಆಫ್ರಿಕಾದ ಫ್ರ್ಯೂ ಮೆಕ್‌ಮಿಲನ್ ಅಂಥವರು ವಿಂಬಲ್ಡನ್ನಿನಲ್ಲಿ ಡಬಲ್ಸ್ ಪ್ರಶಸ್ತಿಗಳನ್ನು ಗೆಲ್ಲುತ್ತಿದ್ದರು.

2022ರಲ್ಲೇ ಚೆಸ್ ಇನ್ನೊಂದು ದಾರಿ ತೋರಿಸಿತ್ತು. ದಾಳಿಯನ್ನು ಬಹಿರಂಗವಾಗಿ ಹೊಗಳಿದ ಸೆರ್ಗೆ ಕರ್ಯಾಕಿನ್ ಅವರಿಗೆ ವಿಶ್ವ ಚೆಸ್ ಸಂಸ್ಥೆ ಫಿಡೆ ಆರು ತಿಂಗಳ ನಿಷೇಧ ಹಾಕಿತು. ಯುದ್ಧ ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದ ಇಯಾನ್ ನೆಪೊಮ್ನಿಯಾಚಿ ಫಿಡೆ ಧ್ವಜದಡಿ ಆಡಿ, ವಿಶ್ವ ಪಟ್ಟಕ್ಕೆ ಸ್ಪರ್ಧಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿ ಗೆದ್ದರು. ಇಬ್ಬರೂ ರಷ್ಯನ್ನರು. ಒಬ್ಬರು ಹೊರಬಿದ್ದದ್ದು ತಾವು ಆಡಿದ ಮಾತಿನಿಂದ. ಆ ವರ್ಷದ ಚೆಸ್ ಒಲಿಂಪಿಯಾಡ್ ಮಾಸ್ಕೋದಿಂದ ಕಿತ್ತು ನಮ್ಮ ಪಕ್ಕದ ಮಾಮಲ್ಲಪುರಕ್ಕೆ ಬಂದದ್ದೂ ಈ ಯುದ್ಧದಿಂದಲೇ.

ಚೆಸ್ಸಿನ ದಾರಿಯಲ್ಲೂ ತೊಡಕಿದೆ, ಅದನ್ನು ಮರೆಮಾಚುವುದಿಲ್ಲ. ಹೊಗಳಿದವರೂ ಅಲ್ಲ, ಖಂಡಿಸಿದವರೂ ಅಲ್ಲ, ಸುಮ್ಮನಿದ್ದವರನ್ನು ಏನು ಮಾಡುವುದು? ಹೆಚ್ಚಿನ ಆಟಗಾರರು ಆ ಗುಂಪಿನವರೇ.

ಇದೆಲ್ಲ ದೂರದ ಕಥೆ ಅನಿಸಿದರೆ 2019ರ ಫೆಬ್ರವರಿ ನೆನಪಿಸಿಕೊಳ್ಳಬೇಕು. ಪುಲ್ವಾಮಾ ದಾಳಿಯ ಬಳಿಕ ದೆಹಲಿಯ ಶೂಟಿಂಗ್ ವಿಶ್ವಕಪ್ಪಿಗೆ ಪಾಕಿಸ್ತಾನದ ಶೂಟರುಗಳಿಗೆ ವೀಸಾ ಸಿಗಲಿಲ್ಲ. ಆಗ ಇದೇ ಒಲಿಂಪಿಕ್ ಸಮಿತಿ ಭಾರತದ ಮೇಲೆ ಕಣ್ಣು ಕೆಂಪಗೆ ಮಾಡಿ, ಇಲ್ಲಿ ಕೂಟ ನಡೆಸುವ ಮಾತುಕತೆಗಳನ್ನೇ ನಿಲ್ಲಿಸಿತ್ತು. 2025ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ನೀರಜ್ ಚೋಪ್ರಾ ಕ್ಲಾಸಿಕ್‌ಗೆ ಪಾಕಿಸ್ತಾನದ ಅರ್ಷದ್ ನದೀಮ್ ಅವರನ್ನು ಕರೆದದ್ದು ಪಹಲ್ಗಾಮ್ ದಾಳಿಗೆ ಮುಂಚೆ. ದಾಳಿಯ ನಂತರ ನೀರಜ್ ಮೇಲೆ, ಅವರ ಮನೆಯವರ ಮೇಲೆ ಬೈಗುಳದ ಮಳೆ. ಜಾವೆಲಿನ್ ಎಸೆಯುವವನೊಬ್ಬ ಇನ್ನೊಬ್ಬ ಎಸೆಯುವವನನ್ನು ಕರೆದೆ ಅಷ್ಟೇ ಎಂದು ವಿವರಣೆ ಕೊಡಬೇಕಾಯಿತು. ಅಲ್ಲಿ ನಿಷೇಧದ ಆದೇಶವೇ ಬೇಕಾಗಲಿಲ್ಲ.

2023: ಕಾಗದ ಮರಳಿ ಬಂತು

ಹಣದ ಏಟು ಬಿದ್ದದ್ದು ಎಲ್‌ಟಿಎ ಮೇಲೆ ಹೆಚ್ಚು. ಡಬ್ಲ್ಯುಟಿಎ ಅದಕ್ಕೆ 7.5 ಲಕ್ಷ ಡಾಲರ್, ಆಲ್ ಇಂಗ್ಲೆಂಡ್ ಕ್ಲಬ್ಬಿಗೆ 2.5 ಲಕ್ಷ ಡಾಲರ್ ದಂಡ ಹಾಕಿತು. ಡಿಸೆಂಬರಿನಲ್ಲಿ ಎಟಿಪಿ ಎಲ್‌ಟಿಎಗೆ ಇನ್ನೂ 10 ಲಕ್ಷ ಡಾಲರ್ ಹೇರಿತು. ಮತ್ತೆ ನಿಷೇಧಿಸಿದರೆ ಸದಸ್ಯತ್ವವೇ ಹೋದೀತು ಎಂಬ ಭೀತಿಯೂ ಇತ್ತು. ಒಂದು ಕಡೆ ಸ್ವಂತ ದೇಶದ ಸರ್ಕಾರ, ಇನ್ನೊಂದು ಕಡೆ ವೃತ್ತಿ ಸಂಘಟನೆಗಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು.

2023ರ ಮಾರ್ಚ್ 31ರಂದು ಕ್ಲಬ್ ಹಿಂದೆ ಸರಿಯಿತು. ರಷ್ಯಾ, ಬೆಲಾರೂಸಿನವರು ತಟಸ್ಥರಾಗಿ ಆಡಬಹುದು. ಆದರೆ ದಾಳಿಗೆ ಬೆಂಬಲ ಸೂಚಿಸುವಂತಿಲ್ಲ, ತಮ್ಮ ಸರ್ಕಾರದಿಂದಾಗಲಿ ಸರ್ಕಾರಿ ಹಿಡಿತದ ಕಂಪನಿಗಳಿಂದಾಗಲಿ ಹಣ ಪಡೆಯುವಂತಿಲ್ಲ, ಹಾಗೆಂದು ಸಹಿ ಹಾಕಬೇಕು. ಹಿಂದಿನ ವರ್ಷ ಅಪಾಯವೆಂದು ದೂರವಿಟ್ಟಿದ್ದ ಸಹಿಯ ದಾರಿ, ಕೊಂಚ ನಯವಾದ ಮಾತುಗಳಲ್ಲಿ. ಪುಟಿನ್ನರನ್ನು ಖಂಡಿಸಿ ಎನ್ನಲಿಲ್ಲ, ಬೆಂಬಲಿಸಬೇಡಿ ಎಂದರು. ಆ ಒಂದು ಪದದ ವ್ಯತ್ಯಾಸ ಹುಡುಕಲು ಒಂದು ವರ್ಷ ಬೇಕಾಯಿತೇ ಎಂಬುದು ನನ್ನ ತಕರಾರು. 2022ರಲ್ಲೇ ಇದು ಸಾಧ್ಯವಿತ್ತು. ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವುದು ಯಾವ ದೇಶದ ಪಾಸ್‌ಪೋರ್ಟು ಎಂದು ಕೇಳುವುದಕ್ಕಿಂತ ಎಷ್ಟೋ ಮೇಲು. ಉಕ್ರೇನಿನ ವಿದೇಶಾಂಗ ಸಚಿವ ಡ್ಮಿಟ್ರೊ ಕುಲೆಬಾ ಮಾತ್ರ ಇದನ್ನು ಅನೈತಿಕ ಎಂದರು. ಉಕ್ರೇನಿನ ಆಟಗಾರರ ವಸತಿಯ ಖರ್ಚು ಹೊತ್ತು, ಪ್ರತಿ ಟಿಕೆಟ್ಟಿನಿಂದ ಒಂದು ಪೌಂಡನ್ನು ಉಕ್ರೇನಿನ ಪರಿಹಾರಕ್ಕೆ ಕೊಡುವುದಾಗಿ ಕ್ಲಬ್ ಹೇಳಿತು.

ಆ ವರ್ಷದ ಜುಲೈ 9ಕ್ಕೆ ರಿಬಾಕಿನಾ ಗೆಲುವಿಗೆ ಸರಿಯಾಗಿ ಒಂದು ವರ್ಷ. ನಾಲ್ಕನೇ ಸುತ್ತಿನಲ್ಲಿ ಸ್ವಿತೋಲಿನಾ ಎದುರು ಅಜರೆಂಕಾ. ಒಂಬತ್ತು ತಿಂಗಳ ಹಿಂದಷ್ಟೇ ತಾಯಿಯಾಗಿದ್ದ ಸ್ವಿತೋಲಿನಾ ಮೊದಲ ಸೆಟ್ಟನ್ನು ಕಳೆದುಕೊಂಡು, ಎರಡನೆಯದನ್ನು ಗೆದ್ದು, ಮೂರನೆಯದನ್ನು ಟೈಬ್ರೇಕರಿನಲ್ಲಿ 11-9ರಿಂದ ಮುಗಿಸಿದರು. ರಷ್ಯಾ, ಬೆಲಾರೂಸಿನವರ ಕೈ ಕುಲುಕುವುದಿಲ್ಲ ಎಂದು ಉಕ್ರೇನಿನ ಆಟಗಾರ್ತಿಯರು ಮೊದಲೇ ತೀರ್ಮಾನಿಸಿದ್ದರು. ಅದು ಗೊತ್ತಿದ್ದ ಅಜರೆಂಕಾ ನೆಟ್ಟಿನ ಬಳಿ ಹೋಗದೆ, ದೂರದಿಂದಲೇ ಕೈಯೆತ್ತಿ ಗೆದ್ದವರಿಗೆ ಗೌರವ ಸೂಚಿಸಿ, ಅಂಪೈರ್ ಕೈ ಕುಲುಕಿ ಬ್ಯಾಗ್ ಎತ್ತಿಕೊಂಡರು. ಗ್ಯಾಲರಿಯಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಸೋತವರು ಸೊಕ್ಕಿನಿಂದ ಹೊರಟರು ಎಂದುಕೊಂಡು ಕೂಗಿ ಅಣಕಿಸಿದರು. ಅಜರೆಂಕಾ ಒಂದು ಗಳಿಗೆ ನಿಂತು, ಎರಡು ಮುಂಗೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ತೋರಿಸಿ ಒಳಗೆ ನಡೆದರು. ಕೈ ಕುಲುಕುವುದಿಲ್ಲ ಎಂಬುದನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸಿಬಿಡಿ ಎಂದು ಆಮೇಲೆ ಟೆನಿಸ್ ಸಂಸ್ಥೆಗಳನ್ನು ಕೇಳಿಕೊಂಡದ್ದು ಸ್ವಿತೋಲಿನಾ.

ಯುದ್ಧವನ್ನು 2022ರ ಜುಲೈಯಲ್ಲೇ ದುಃಸ್ವಪ್ನವೆಂದು ಕರೆದು, ತಾನು ಸಲಿಂಗಿ ಎಂದೂ ಹೇಳಿಕೊಂಡ ಕಸಾಟ್ಕಿನಾ 2025ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಪರವಾಗಿ ಆಡುವುದಾಗಿ ಪ್ರಕಟಿಸಿದರು. ಆ ಜೂನಿನ ವಿಂಬಲ್ಡನ್ ಡ್ರಾದಲ್ಲಿ ಅವರ ಹೆಸರಿನ ಪಕ್ಕ ಆಸ್ಟ್ರೇಲಿಯಾ ಎಂದಿತ್ತು. ಮೆಡ್ವೆಡೆವ್, ರುಬ್ಲೆವ್, ಸಬಲೆಂಕಾ ಹೆಸರುಗಳ ಪಕ್ಕದ ಜಾಗ ಇನ್ನೂ ಖಾಲಿ.